ಮೆಕೆಂಜಿ ಮತ್ತು ಕಾವಲಿ: ಕುಲನಾಮದ ವ್ಯುತ್ಪತ್ತಿ, ಸ್ಥಾನ ಮತ್ತು ಎಣಿಕೆ

ಸಾರಾಂಶ: ಕರ್ನಾಟಕದ ಚರಿತ್ರೆಯಲ್ಲಿ ಸುಪರಿಚಿತವಾದ ಸ್ಕಾಟ್ಲೆಂಡಿನ ‘ಮೆಕೆಂಜಿ’ ಎಂಬ ಕುಲನಾಮದ ಮೂಲ, ಅರ್ಥ ಹಾಗೂ ಲಿಪಿಚರಿತ್ರೆಯನ್ನು ಈ ಲೇಖನ ವಿವರಿಸುತ್ತದೆ. ಕುಲನಾಮಗಳ ಜನಸಂಖ್ಯಾ ಅಂಕಿಅಂಶವು ವಂಶಗಳ ಎಣಿಕೆಯಲ್ಲ, ಕಾಗುಣಿತಗಳ ಎಣಿಕೆ ಎಂಬುದನ್ನು ಇದು ತೋರಿಸುತ್ತದೆ. ಮಾರತ್ತಹಳ್ಳಿಯಂತಹ ಪ್ರದೇಶದ ನಾಮಪಟ್ಟಿಗಳನ್ನು ‘ಕೊನೆಯ ಹೆಸರಿನ’ ಆಧಾರದಿಂದ ಎಣಿಸಿದರೆ ಫಲಿತಾಂಶವು ಏನನ್ನು ಅಳೆಯುತ್ತದೆ ಎಂಬ ಪ್ರಶ್ನೆಯನ್ನೂ ಎತ್ತುತ್ತದೆ.

ಕೀಲಿಪದಗಳು: ನಾಮವಿಜ್ಞಾನ, ಕುಲನಾಮ, ಪಿತೃನಾಮ, ಲಿಪಿಮಾ, ಪದಕ್ರಮ, ಇನಿಷಿಯಲ್

1. ಪ್ರಸ್ತಾವನೆ

ಬೆಂಗಳೂರಿನ ಹೊರವರ್ತುಲ ರಸ್ತೆಯು ಹಳೆಯ ವಿಮಾನ ನಿಲ್ದಾಣ ರಸ್ತೆಯನ್ನು ಸಂಧಿಸುವ ಮಾರತ್ತಹಳ್ಳಿ ಇಂದು ಬಹುಭಾಷಿಕ ವಸತಿಪ್ರದೇಶ. ಇಲ್ಲಿನ ಸಾಫ್ಟ್‌ವೇರ್ ಸಂಸ್ಥೆಗಳ ನೌಕರರ ಪಟ್ಟಿ, ಪಿ.ಜಿ. ವಸತಿಗೃಹಗಳ ದಾಖಲೆ ಪುಸ್ತಕ, ಶಾಲಾ ಪ್ರವೇಶದ ಅರ್ಜಿ ಇವೆಲ್ಲವೂ ವ್ಯಕ್ತಿಯ ಹೆಸರನ್ನು ‘ಫಸ್ಟ್ ನೇಮ್’ ಮತ್ತು ‘ಲಾಸ್ಟ್ ನೇಮ್’ ಎಂದು ಎರಡು ಅಂಕಣಗಳಾಗಿ ಒಡೆಯುತ್ತವೆ. ಎರಡನೆಯ ಅಂಕಣದಲ್ಲಿರುವುದೇ ಕುಲನಾಮವೆಂದು ತಿಳಿದು ಎಣಿಸಲು ಹೊರಡುವ ಸಂಶೋಧಕನಿಗೆ ದತ್ತಾಂಶ ಸುಲಭವಾಗಿ ದೊರೆಯುತ್ತದೆ. ಆದರೆ ಆ ಎಣಿಕೆಯ ಹಿಂದೆ ಮೂರು ಪೂರ್ವಗ್ರಹಿಕೆಗಳಿವೆ: ಪ್ರತಿಯೊಬ್ಬರಿಗೂ ಕುಲನಾಮವಿದೆ, ಅದು ತಲೆಮಾರಿನಿಂದ ತಲೆಮಾರಿಗೆ ಬದಲಾಗದು, ಅದು ಹೆಸರಿನ ಬಲತುದಿಯಲ್ಲಿರುತ್ತದೆ. ಈ ಮೂರೂ ಯುರೋಪಿನ ನಾಮಪದ್ಧತಿಯಿಂದ ಬಂದವು. ಅಲ್ಲಿಯೂ ಅವು ಅನಾದಿಯಾಗಿ ಇದ್ದವಲ್ಲ ಎಂಬುದಕ್ಕೆ ಕನ್ನಡ ಓದುಗರಿಗೆ ಪರಿಚಿತವಾದ ಒಂದು ಕುಲನಾಮವೇ ಸಾಕ್ಷಿ.

ಕಾಲಿನ್ ಮೆಕೆಂಜಿ 1754ರ ಸುಮಾರಿಗೆ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟೋರ್ನೋವೇ ಪಟ್ಟಣದಲ್ಲಿ ಜನಿಸಿದನು. 1783ರಲ್ಲಿ ಮದರಾಸಿಗೆ ಬಂದು, 1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡ ಮೇಲೆ ಮೈಸೂರು ಸಮೀಕ್ಷೆಯ ಹೊಣೆ ಹೊತ್ತನು. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆಗಿ, 1821ರಲ್ಲಿ ಮೃತನಾದನು. ಅವನು ಸಂಗ್ರಹಿಸಿದ ಗ್ರಾಮವೃತ್ತಾಂತಗಳಲ್ಲಿ ಕನ್ನಡದವುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ‘ಕರ್ನಾಟಕದ ಕೈಫಿಯತ್ತುಗಳು’ ಎಂಬ ಹೆಸರಿನಲ್ಲಿ 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೂಲಕ ಪ್ರಕಟಿಸಿದರು.

2. ವ್ಯುತ್ಪತ್ತಿ ಮತ್ತು ಅರ್ಥ

‘ಮೆಕೆಂಜಿ’ ಎಂಬುದು ಗೇಲಿಕ್ ಭಾಷೆಯ ‘ಮಕ್ ಕೊಞ್ಞಿಖ್’ ಎಂಬ ಪದಪುಂಜದ ಆಂಗ್ಲೀಕೃತ ರೂಪ. ‘ಮಕ್’ ಎಂದರೆ ಮಗ. ‘ಕೊಞ್ಞಿಖ್’ ಎಂಬುದು ‘ಕೊಞ್ಞಖ್’ ಎಂಬ ಅಂಕಿತನಾಮದ ಷಷ್ಠೀ ರೂಪ. ಇಲ್ಲಿ ಷಷ್ಠಿಯನ್ನು ಸೂಚಿಸುವುದು ಪ್ರತ್ಯಯವಲ್ಲ, ಪದಾಂತ್ಯ ವ್ಯಂಜನದ ತಾಲವ್ಯೀಕರಣ. ಅಂಕಿತನಾಮದ ಮೂಲಧಾತುವಿಗೆ ‘ಸುಂದರ’, ‘ಚೆಲುವ’ ಎಂಬ ಅರ್ಥವಿದೆ. ಆದ್ದರಿಂದ ಇಡೀ ಹೆಸರಿನ ಅರ್ಥ ‘ಚೆಲುವನ ಮಗ’ ಎಂದಾಗುತ್ತದೆ. ಈ ಅಂಕಿತನಾಮವನ್ನು ಇಂಗ್ಲಿಷಿನಲ್ಲಿ ‘ಕೆನೆತ್’ ಎಂದು ಬರೆಯುವುದು ವಾಡಿಕೆ. ಆದರೆ ‘ಬೆಂಕಿಯಿಂದ ಹುಟ್ಟಿದವನು’ ಎಂಬರ್ಥವನ್ನು ಹೇಳಲಾಗುವ ಬೇರೊಂದು ಗೇಲಿಕ್ ಹೆಸರೂ ‘ಕೆನೆತ್’ ಎಂದೇ ಆಂಗ್ಲೀಕೃತವಾಗಿದೆ. ಇಂಗ್ಲಿಷ್ ರೂಪದಿಂದ ಅರ್ಥವನ್ನು ಹುಡುಕುವವರು ಇವೆರಡನ್ನು ಬೆರೆಸುವ ಅಪಾಯ ಇದರಿಂದಲೇ ಉಂಟಾಗುತ್ತದೆ.

ಮೂಲದಲ್ಲಿ ಇದು ಕುಲನಾಮವೇ ಅಲ್ಲ, ಶುದ್ಧ ಪಿತೃನಾಮ. ಕೆನೆತ್‌ನ ಮಗ ಮಾತ್ರ ‘ಮಕ್ ಕೊಞ್ಞಿಖ್’; ಮೊಮ್ಮಗನು ತನ್ನ ತಂದೆಯ ಹೆಸರಿನಿಂದ ಗುರುತಿಸಲ್ಪಡಬೇಕು. ಒಬ್ಬ ಪೂರ್ವಜನ ಹೆಸರು ಸ್ಥಿರಗೊಂಡು ಅವನ ವಂಶಕ್ಕೆಲ್ಲ, ಬಳಿಕ ಆ ವಂಶದ ಆಶ್ರಯದಲ್ಲಿ ಬಾಳಿದ ಇತರರಿಗೂ ಅನ್ವಯಿಸಿದಾಗ ಅದು ಕುಲನಾಮವಾಯಿತು. ಈ ಸ್ಥಿರೀಕರಣ ಎಲ್ಲೆಡೆಯೂ ಒಮ್ಮೆಲೇ ನಡೆಯಲಿಲ್ಲ. ಶೆಟ್ಲೆಂಡ್ ದ್ವೀಪಗಳಲ್ಲಿ ತಲೆಮಾರಿಗೊಮ್ಮೆ ಬದಲಾಗುವ ಪಿತೃನಾಮ 19ನೆಯ ಶತಮಾನದವರೆಗೂ ಉಳಿದಿತ್ತು. ಗೇಲಿಕ್ ಮಾತಿನಲ್ಲಿ ಹೆಣ್ಣುಮಕ್ಕಳಿಗೆ ಇಂದಿಗೂ ‘ಮಕ್’ ಸಲ್ಲದು, ‘ನಿಖ್ಕ್’ ಎಂಬ ಸ್ತ್ರೀರೂಪವೇ ಬರುತ್ತದೆ. ಇಂಗ್ಲಿಷ್ ದಾಖಲೆಗಳು ಈ ಲಿಂಗಭೇದವನ್ನು ಅಳಿಸಿಹಾಕಿವೆ.

3. ಅಕ್ಷರವು ಬದಲಿಸಿದ ಉಚ್ಚಾರಣೆ

ಗೇಲಿಕ್ ರೂಪದಲ್ಲಿಯಾಗಲಿ ಹಳೆಯ ಸ್ಕಾಟ್ಸ್ ರೂಪದಲ್ಲಿಯಾಗಲಿ ಇಂದು ‘ಜಿ’ ಎಂದು ಕೇಳಿಬರುವ ಘರ್ಷ ಧ್ವನಿ ಇರಲಿಲ್ಲ. ತಾಲವ್ಯ ಅನುನಾಸಿಕವನ್ನು ಬರೆಯಲು ಸ್ಕಾಟ್ಸ್ ಲಿಪಿಕಾರರು ನಕಾರದ ಬಳಿಕ ‘ಯೋಖ್’ ಎಂಬ ಅಕ್ಷರವನ್ನು ಬಳಸುತ್ತಿದ್ದರು. ಅದರ ಆಕಾರ 3ರ ಅಂಕೆಯನ್ನು ಹೋಲುತ್ತಿತ್ತು. ಇಲ್ಲಿ ಅದರ ಧ್ವನಿಮೌಲ್ಯ ಯಕಾರಕ್ಕೆ ಸಮೀಪವಾದದ್ದು. ಕೈಬರಹದಲ್ಲಿ ಈ ಅಕ್ಷರಕ್ಕೂ ಬಾಲವುಳ್ಳ ‘ಜ಼ೆಡ್’ ಅಕ್ಷರಕ್ಕೂ ವ್ಯತ್ಯಾಸವಿರಲಿಲ್ಲ. ಮುದ್ರಣ ಬಂದಾಗ ಯೋಖ್‌ಗೆ ಪ್ರತ್ಯೇಕ ಅಚ್ಚುಮೊಳೆಯಿಲ್ಲದೆ ಮುದ್ರಕರು ‘ಜ಼ೆಡ್’ ಜೋಡಿಸಿದರು. ಬರಹವನ್ನು ನೋಡಿ ಓದುವವರು ಹೆಚ್ಚಿದಂತೆ ಉಚ್ಚಾರಣೆಯೂ ಅಕ್ಷರವನ್ನು ಅನುಸರಿಸಿತು. 17ನೆಯ ಶತಮಾನದಲ್ಲಿ ‘ಮಕೆಂಗಿ’ ಎಂಬಂತೆ ಕೇಳುತ್ತಿದ್ದ ಹೆಸರು ಕ್ರಮೇಣ ‘ಮಕೆಂಜ಼ಿ’ ಆಯಿತು. ಇದೇ ಅಕ್ಷರವುಳ್ಳ ಇತರ ಕೆಲವು ಹೆಸರುಗಳು ಈ ಒತ್ತಡವನ್ನು ತಡೆದುಕೊಂಡಿವೆ: ಸ್ಕಾಟ್ಲೆಂಡಿನಲ್ಲಿ ‘ಮೆಂಜ಼ೀಸ್’ ಎಂದು ಬರೆದದ್ದನ್ನು ‘ಮಿಂಗಿಸ್’ ಎಂದೂ, ‘ಡಾಲ್ಜ಼ಿಯೆಲ್’ ಎಂದು ಬರೆದದ್ದನ್ನು ‘ಡೀಯೆಲ್’ ಎಂದೂ ಓದುವುದುಂಟು.

ಕನ್ನಡದ ೞಕಾರದ ಚರಿತ್ರೆಯೊಡನೆ ಇದನ್ನು ಹೋಲಿಸುವುದು ಉಪಯುಕ್ತ. ಕನ್ನಡದಲ್ಲಿ ಮೊದಲು ನಶಿಸಿದ್ದು ಧ್ವನಿ. ೞಕಾರವು ಳಕಾರದೊಡನೆ ಬೆರೆತುಹೋಗುತ್ತಿದ್ದುದರಿಂದಲೇ 13ನೆಯ ಶತಮಾನದ ಕೇಶಿರಾಜನು ಯಾವ ಪದಗಳಲ್ಲಿ ೞಕಾರವಿದೆಯೆಂದು ಪಟ್ಟಿಮಾಡಬೇಕಾಯಿತು. ಬಳಿಕ ಅಕ್ಷರವೂ ಕೈಬಿಟ್ಟಿತು. ಸ್ಕಾಟ್ಸ್‌ನಲ್ಲಿ ಮೊದಲು ನಶಿಸಿದ್ದು ಅಕ್ಷರ. ಅದರ ಸ್ಥಾನಕ್ಕೆ ಬಂದ ಅಕ್ಷರವು ಧ್ವನಿಯನ್ನು ಬದಲಿಸಿತು. ಮೊದಲನೆಯದು ಧ್ವನಿಮಾ ಲೋಪ, ಎರಡನೆಯದು ಲಿಪಿಮಾ ಪಲ್ಲಟ.

ಕನ್ನಡಕ್ಕೆ ಬರುವಾಗ ಹೆಸರು ಮತ್ತೊಂದು ತಿರುವು ಪಡೆಯಿತು. ಕನ್ನಡದ ಧ್ವನಿವ್ಯವಸ್ಥೆಯಲ್ಲಿ ‘ಜ಼’ ಇಲ್ಲದ್ದರಿಂದ ಜಕಾರ ಬಂತು. ಜಕಾರದ ಹಿಂದಿನ ಅನುಸ್ವಾರವನ್ನು ನಾವು ವರ್ಗಾನುನಾಸಿಕವಾಗಿ, ಅಂದರೆ ‘ಞ್’ ಎಂದು ಉಚ್ಚರಿಸುತ್ತೇವೆ. ಹೀಗೆ ಇಂಗ್ಲಿಷ್ ಕಳೆದುಕೊಂಡ ಗೇಲಿಕ್‌ನ ತಾಲವ್ಯ ಅನುನಾಸಿಕವು ಕನ್ನಡಿಗರ ‘ಮೆಕೆಂಜಿ’ಯಲ್ಲಿ ಮರಳಿ ಕೇಳಿಸುತ್ತದೆ. ಇದು ಮೂಲಸ್ಮರಣೆಯಲ್ಲ, ಸವರ್ಣೀಯ ಸಮರೂಪತೆಯ ಆಕಸ್ಮಿಕ ಫಲ.

ರೋಮನ್ ಲಿಪಿಯು ಇಂತಹದೇ ಭ್ರಮೆಯನ್ನು ಮಾರತ್ತಹಳ್ಳಿಯ ಹೆಸರಿನಲ್ಲಿಯೂ ಉಂಟುಮಾಡಿದೆ. ಆ ಲಿಪಿಯಲ್ಲಿ ತ, ಥ, ಠ ಮೂರಕ್ಕೂ ಒಂದೇ ಅಕ್ಷರಜೋಡಿ ಬರುವುದರಿಂದ ‘ಮರಾಠಹಳ್ಳಿ’ ಎಂಬ ಓದು ಹುಟ್ಟಿ, ಅದರಿಂದ ಮರಾಠರ ಸಂಬಂಧವನ್ನು ಊಹಿಸುವವರಿದ್ದಾರೆ. ಎಚ್.ಎ.ಎಲ್. ನಿರ್ಮಿಸಿದ, 1961ರಲ್ಲಿ ಮೊದಲ ಬಾರಿಗೆ ಹಾರಿದ ‘ಮಾರುತ್’ ಯುದ್ಧವಿಮಾನದಿಂದ ಊರಿಗೆ ಹೆಸರು ಬಂತೆಂಬ ಜನಜನಿತ ವಿವರಣೆಯೂ ಉಂಟು. ಇವೆರಡರಲ್ಲಿ ಯಾವುದೂ ಕನ್ನಡ ರೂಪದ ದ್ವಿತ್ವ ತಕಾರವನ್ನು ವಿವರಿಸುವುದಿಲ್ಲ.

4. ಎಡತುದಿಯ ಕುಲನಾಮ

ಮೆಕೆಂಜಿಯ ಸಹಾಯಕರಲ್ಲಿ ಪ್ರಮುಖರಾದವರು ಮೂವರು ತೆಲುಗು ಸೋದರರು: ಕಾವಲಿ ವೆಂಕಟ ಬೊರ್ರಯ್ಯ, ಕಾವಲಿ ವೆಂಕಟ ಲಕ್ಷ್ಮಯ್ಯ, ಕಾವಲಿ ವೆಂಕಟ ರಾಮಸ್ವಾಮಿ. ಇಲ್ಲಿ ಮೂವರಿಗೂ ಸಮಾನವಾದ ‘ಕಾವಲಿ’ಯು ತೆಲುಗರು ‘ಇಂಟಿಪೇರು’ ಎನ್ನುವ ಮನೆತನದ ಹೆಸರು. ಅದು ಎಡತುದಿಯಲ್ಲಿದೆ, ಬಲತುದಿಯಲ್ಲಿರುವುದು ವ್ಯಕ್ತಿಯ ಅಂಕಿತನಾಮ. ಕೊನೆಯ ಪದವನ್ನು ಆಧರಿಸಿ ಅಕಾರಾದಿ ಸೂಚಿ ಮಾಡಿದರೆ ಮೆಕೆಂಜಿಗಳೆಲ್ಲ ಒಂದೆಡೆ ಸೇರುತ್ತಾರೆ, ಕಾವಲಿ ಸೋದರರು ಮೂರು ಕಡೆ ಚದುರಿಹೋಗುತ್ತಾರೆ.

ದಕ್ಷಿಣ ಕರ್ನಾಟಕದ ಹೆಸರುಗಳಲ್ಲಿಯೂ ಕ್ರಮ ಇದೇ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರ ಹೆಸರಿನಲ್ಲಿ ಮೊದಲು ಊರು, ಬಳಿಕ ತಂದೆ, ಕೊನೆಗೆ ವ್ಯಕ್ತಿ. ಅವರ ಮಗ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ ಹೆಸರಿನಲ್ಲಿ ‘ಕೆ’ ಹಾಗೆಯೇ ಉಳಿದು, ತಂದೆಯ ಹೆಸರು ‘ಪಿ’ ಆಗಿ ಎರಡನೆಯ ಸ್ಥಾನಕ್ಕೆ ಸರಿದಿದೆ. ಎರಡು ತಲೆಮಾರುಗಳನ್ನು ಜೋಡಿಸುವ ಸ್ಥಿರಾಂಶ ಎಡತುದಿಯಲ್ಲಿದೆ. ‘ಕುಪ್ಪಳಿಯ ವೆಂಕಟಪ್ಪನ ಮಗ ಪುಟ್ಟಪ್ಪ’ ಎಂಬ ಷಷ್ಠೀ ಸರಣಿಯ ಸಂಕ್ಷೇಪವೇ ಈ ನಾಮರಚನೆ. ಕನ್ನಡದಲ್ಲಿ ವಿಶೇಷಣ ಮೊದಲು, ವಿಶೇಷ್ಯ ಕೊನೆಗೆ. ಗೇಲಿಕ್‌ನಲ್ಲಿ ವಿಶೇಷ್ಯ ಮೊದಲು. ‘ಇಯಾನ್, ಮಗ ಕೆನೆತ್‌ನ’ ಎಂಬ ಕ್ರಮದಲ್ಲಿ ಪೂರ್ವಜನು ಬಲಕ್ಕೆ ಹೋಗುತ್ತಾನೆ.

ಆದರೆ ಪದಕ್ರಮವೊಂದೇ ಇದಕ್ಕೆ ಕಾರಣವೆಂದು ನಾವು ವಾದಿಸುವುದಿಲ್ಲ. ಮರಾಠಿಯೂ ವಿಶೇಷ್ಯವು ಕೊನೆಗೆ ಬರುವ ಭಾಷೆ. ಆದರೂ ಅಲ್ಲಿ ವ್ಯಕ್ತಿ, ತಂದೆ, ಕುಲನಾಮ ಎಂಬ ಕ್ರಮ ರೂಢಿಯಲ್ಲಿದೆ. ಮುಂಬಯಿ ಪ್ರಾಂತದ ಆಡಳಿತಕ್ಕೆ ಒಳಪಟ್ಟಿದ್ದ ಉತ್ತರ ಕರ್ನಾಟಕದಲ್ಲಿಯೂ ಅದೇ ಕ್ರಮ ಕಾಣುತ್ತದೆ: ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ಮಲ್ಲೇಶಪ್ಪ ಮಡಿವಾಳಪ್ಪ ಕಲಬುರ್ಗಿ. ಕರಾವಳಿಯ ಕೋಟ ಶಿವರಾಮ ಕಾರಂತರ ಹೆಸರಿನಲ್ಲಿ ಊರು ಎಡಕ್ಕೂ ಮನೆತನ ಬಲಕ್ಕೂ ಇವೆ. ಭಾಷೆಯ ಪದಕ್ರಮ ಒಂದು ಸಾಧ್ಯತೆಯನ್ನು ಒದಗಿಸುತ್ತದೆ. ಅದನ್ನು ಉಳಿಸುವುದು ಅಥವಾ ತಿರುಗಿಸುವುದು ದಾಖಲೆಯ ಪದ್ಧತಿ.

5. ಎಣಿಕೆಯ ಆಧಾರ

ಸ್ಕಾಟ್ಲೆಂಡಿನಲ್ಲಿ ಜನನ, ಮರಣ, ವಿವಾಹಗಳ ಕಡ್ಡಾಯ ನೋಂದಣಿ 1855ರ ಜನವರಿ 1ರಂದು ಆರಂಭವಾಯಿತು. ಆ ನೋಂದಣಿಯಿಂದಲೇ ಅಲ್ಲಿನ ರಾಷ್ಟ್ರೀಯ ದಾಖಲೆ ಸಂಸ್ಥೆ ಕುಲನಾಮಗಳ ಪಟ್ಟಿಗಳನ್ನು ಸಿದ್ಧಪಡಿಸುತ್ತದೆ. ಅವುಗಳಲ್ಲಿ ಅಗ್ರಸ್ಥಾನ ‘ಸ್ಮಿತ್’ಗೆ; ‘ಬ್ರೌನ್’ ಮತ್ತು ‘ವಿಲ್ಸನ್’ ಅದನ್ನು ಹಿಂಬಾಲಿಸುತ್ತವೆ. ಆದರೆ ‘ಸ್ಮಿತ್’ ಎಂಬವರೆಲ್ಲ ಆಂಗ್ಲಮೂಲದವರಲ್ಲ. ‘ಕಮ್ಮಾರನ ಮಗ’ ಎಂಬರ್ಥದ ಗೇಲಿಕ್ ಹೆಸರನ್ನು ಭಾಷಾಂತರಿಸಿಕೊಂಡವರೂ ಅವರಲ್ಲಿದ್ದಾರೆ. ಇದಕ್ಕೆ ಪ್ರತಿಯಾಗಿ, ‘ಮ್ಯಾಕ್’ ಎಂಬುದನ್ನು ಪೂರ್ಣವಾಗಿ ಬರೆದ ‘ಮ್ಯಾಕ್‌ಡೊನಾಲ್ಡ್’ ಹಾಗೂ ಸಂಕ್ಷೇಪಿಸಿ ಬರೆದ ‘ಮೆಕ್‌ಡೊನಾಲ್ಡ್’ ಆ ಪಟ್ಟಿಯಲ್ಲಿ ಎರಡು ಪ್ರತ್ಯೇಕ ಹೆಸರುಗಳು. ಪೂರ್ಣರೂಪ ಸ್ಕಾಟ್ಲೆಂಡಿನದು, ಸಂಕ್ಷಿಪ್ತರೂಪ ಐರ್ಲೆಂಡಿನದು ಎಂಬ ಜನಪ್ರಿಯ ನಂಬಿಕೆಗೆ ಆಧಾರವಿಲ್ಲ. ಎರಡೂ ಒಂದೇ ಪದದ ಬರಹಗಳು. ಮೆಕೆಂಜಿಗೂ ಇಂತಹ ಪರ್ಯಾಯ ಕಾಗುಣಿತಗಳಿವೆ. ಅವುಗಳನ್ನು ಕೂಡಿಸುವೆವೋ ಬಿಡಿಯಾಗಿ ಎಣಿಸುವೆವೋ ಎಂಬ ತೀರ್ಮಾನದ ಮೇಲೆ ಆ ಹೆಸರಿನ ಸ್ಥಾನವೇ ಬದಲಾಗುತ್ತದೆ.

ಅಮೆರಿಕದ 2010ರ ಜನಗಣತಿಯು 100 ಅಥವಾ ಅದಕ್ಕಿಂತ ಹೆಚ್ಚು ಜನರಿಗಿದ್ದ 1,62,253 ಕುಲನಾಮಗಳನ್ನು ಪ್ರಕಟಿಸಿತು. ಅದರಲ್ಲಿ ‘ಸ್ಮಿತ್’ 24,42,977 ಜನರೊಡನೆ ಮೊದಲ ಸ್ಥಾನದಲ್ಲಿಯೂ ‘ಪಟೇಲ್’ 2,29,973 ಜನರೊಡನೆ 95ನೆಯ ಸ್ಥಾನದಲ್ಲಿಯೂ ಇವೆ. ಗ್ರಾಮಾಧಿಕಾರಿಯ ಹುದ್ದೆಯನ್ನು ಸೂಚಿಸುವ ಇದೇ ಪದವರ್ಗದ ‘ಪಾಟೀಲ’ ಅಲ್ಲಿ ಬೇರೆಯೇ ನಮೂದು. ಎಣಿಕೆಯ ಘಟಕ ಕಾಗುಣಿತವೇ ಹೊರತು ವಂಶವಲ್ಲ, ಪದವೂ ಅಲ್ಲ.

ಭಾರತದಲ್ಲಿ ಇಂತಹ ಅಧಿಕೃತ ಪಟ್ಟಿಯಿಲ್ಲ. 1948ರ ಜನಗಣತಿ ಕಾಯಿದೆಯಂತೆ ವ್ಯಕ್ತಿಗಳ ವಿವರ ಗೋಪ್ಯ. 2011ರ ಗಣತಿಯು ಬೆಂಗಳೂರು ನಗರ ಜಿಲ್ಲೆಯ 96,21,551 ಜನರನ್ನು ಎಣಿಸಿತು, ಅವರ ಹೆಸರುಗಳನ್ನಲ್ಲ. ಆದ್ದರಿಂದ ಸಂಶೋಧಕರು ಮತದಾರರ ಪಟ್ಟಿಯಂತಹ ಪರೋಕ್ಷ ಆಕರಗಳತ್ತ ಹೋಗುತ್ತಾರೆ. ಮತದಾರರ ನೋಂದಣಿ ಅರ್ಜಿಯಲ್ಲಿ ಕುಲನಾಮದ ಮುಂದೆ ‘ಇದ್ದರೆ’ ಎಂಬ ಷರತ್ತಿದೆ. ಸಾಫ್ಟ್‌ವೇರ್ ಸಂಸ್ಥೆಯ ಅರ್ಜಿಯಲ್ಲಿ ಸಾಮಾನ್ಯವಾಗಿ ಆ ಷರತ್ತು ಇರುವುದಿಲ್ಲ. ಅಂಕಣ ತುಂಬದೆ ಮುಂದಿನ ಪುಟ ತೆರೆಯದು.

6. ಮಾರತ್ತಹಳ್ಳಿಯ ನಾಮಪಟ್ಟಿಯನ್ನು ಓದುವ ಬಗೆ

ಒಂದು ಕಲ್ಪಿತ ಕುಟುಂಬವನ್ನು ಗಮನಿಸೋಣ. ಮುನಿಯಪ್ಪನ ಮಗ ರಮೇಶ ಶಾಲೆಯಲ್ಲಿ ‘ಎಂ. ರಮೇಶ’. ಆ ‘ಎಂ’ ಊರಾದ ಮಾರತ್ತಹಳ್ಳಿಯೂ ಆಗಬಹುದು, ತಂದೆಯಾದ ಮುನಿಯಪ್ಪನೂ ಆಗಬಹುದು. ಇನಿಷಿಯಲ್ ಈ ಭೇದವನ್ನು ಮುಚ್ಚಿಡುತ್ತದೆ. ಕಂಪನಿಯ ಪಟ್ಟಿಯಲ್ಲಿ ಅದು ಬಿಡಿಸಿಕೊಂಡು ಬಲಕ್ಕೆ ಸರಿದು ಅವನು ‘ರಮೇಶ ಮುನಿಯಪ್ಪ’ ಆಗುತ್ತಾನೆ. ಅವನ ಮಗಳನ್ನು ‘ಅನುಷಾ ರಮೇಶ’ ಎಂದು ನೋಂದಾಯಿಸಿದರೆ ಕೊನೆಯ ಪದ ಇನ್ನೂ ಪಿತೃನಾಮ. ‘ಅನುಷಾ ಮುನಿಯಪ್ಪ’ ಎಂದು ನೋಂದಾಯಿಸಿದರೆ ಅಜ್ಜನ ಅಂಕಿತನಾಮ ಕುಲನಾಮವಾಯಿತು. ಕೆನೆತ್‌ನ ಹೆಸರಿಗೆ ಆದದ್ದೂ ಇದೇ. ಒಂದೇ ತಲೆಮಾರಿನ ಪಟ್ಟಿಯಿಂದ ಈ ಎರಡು ಸ್ಥಿತಿಗಳನ್ನು ಬೇರ್ಪಡಿಸಲಾಗದು.

ಆದಕಾರಣ ಇಂತಹ ದತ್ತಾಂಶವನ್ನು ಸಂಗ್ರಹಿಸುವವರಿಗೆ ನಾವು ನಾಲ್ಕು ಕ್ರಮಗಳನ್ನು ಸೂಚಿಸುತ್ತೇವೆ. ಮೊದಲನೆಯದಾಗಿ, ಹೆಸರಿನ ಪ್ರತಿ ಘಟಕವನ್ನೂ ಸ್ಥಳ, ತಂದೆ ಅಥವಾ ಪತಿ, ಅಂಕಿತ, ಮನೆತನ, ವೃತ್ತಿ ಅಥವಾ ಪದವಿ ಎಂದು ಗುರುತಿಸಬೇಕು. ಸ್ಥಾನವನ್ನು ಪ್ರತ್ಯೇಕವಾಗಿ ದಾಖಲಿಸಬೇಕು. ಎರಡನೆಯದಾಗಿ, ಕನಿಷ್ಠ ಎರಡು ತಲೆಮಾರುಗಳ ಹೆಸರುಗಳನ್ನು ಹೋಲಿಸಬೇಕು. ಮೂರನೆಯದಾಗಿ, ಒಬ್ಬನೇ ವ್ಯಕ್ತಿಯ ಹೆಸರು ಕನ್ನಡ ಹಾಗೂ ರೋಮನ್ ಲಿಪಿಗಳಲ್ಲಿ ತಾಳುವ ರೂಪಗಳನ್ನು ಒಟ್ಟಿಗೆ ಇಡಬೇಕು. ಕಾಗುಣಿತಗಳನ್ನು ಕೂಡಿಸಿದ್ದರೆ ಅದರ ನಿಯಮವನ್ನು ತಿಳಿಸಬೇಕು. ನಾಲ್ಕನೆಯದಾಗಿ, ಸ್ತ್ರೀಯರ ಹೆಸರುಗಳನ್ನು ಬೇರೆಯಾಗಿ ವಿಶ್ಲೇಷಿಸಬೇಕು. ವಿವಾಹದ ಬಳಿಕ ತಂದೆಯ ಹೆಸರಿನ ಸ್ಥಾನಕ್ಕೆ ಗಂಡನ ಅಂಕಿತನಾಮ ಬರುವ ರೂಢಿಯಿರುವಲ್ಲಿ ಕೊನೆಯ ಪದವು ವಂಶವನ್ನು ಸೂಚಿಸುವುದೇ ಇಲ್ಲ.

7. ಸಮಾರೋಪ

ಅಂಕಣವನ್ನು ತುಂಬುವ ಒತ್ತಾಯ ಕೇವಲ ಸಂಶೋಧಕರ ತೊಡಕಲ್ಲ. ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ವ್ಯಕ್ತಿಯ ಅಂಕಿತನಾಮವೇ ಕುಲನಾಮವಾಗಿ, ಅಂಕಿತನಾಮದ ಜಾಗದಲ್ಲಿ ‘ಮೊದಲ ಹೆಸರು ತಿಳಿಯದು’ ಎಂಬುದರ ಸಂಕ್ಷೇಪವಾದ ‘ಎಫ್‌ಎನ್‌ಯು’ ಬಂದು ಕೂರುತ್ತದೆ. ಒಂದೇ ಪದದ ಹೆಸರುಳ್ಳ ಪಾಸ್‌ಪೋರ್ಟಿನ ಪ್ರವಾಸಿಗರಿಗೆ ಪ್ರವೇಶವಿಲ್ಲವೆಂದು ಸಂಯುಕ್ತ ಅರಬ್ ಎಮಿರೇಟ್ಸ್ 2022ರ ನವೆಂಬರಿನಲ್ಲಿ ಪ್ರಕಟಿಸಿತು. ಹೀಗಿರುವಾಗ ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಬಲಕ್ಕೆ ಸರಿಸಿ ಮಗುವಿನ ಜನನಪತ್ರದಲ್ಲಿ ಸ್ಥಿರಗೊಳಿಸುವ ತಂದೆತಾಯಿಯರ ನಿರ್ಧಾರ ಸಹಜವೇ ಆಗಿದೆ.

ಸ್ಕಾಟ್ಲೆಂಡಿನಲ್ಲಿ ಶತಮಾನಗಳ ಹಿಂದೆ ನಡೆದುಹೋದ ಸ್ಥಿರೀಕರಣವನ್ನು ಅಲ್ಲಿನ ವಿದ್ವಾಂಸರು ಹಳೆಯ ಪತ್ರಗಳಿಂದ ಪುನಾರಚಿಸಬೇಕಾಗಿದೆ. ಮಾರತ್ತಹಳ್ಳಿಯಲ್ಲಿ ಅದು ಈಗ ನಡೆಯುತ್ತಿದೆ. ಹೆಸರಿಟ್ಟವರನ್ನೇ ಕೇಳಿ ತಿಳಿಯುವ ಅವಕಾಶವಿದೆ. ಇನಿಷಿಯಲ್‌ಗಳ ಪೂರ್ಣರೂಪ ಬಲ್ಲ ಹಿರಿಯ ತಲೆಮಾರು ಇರುವಾಗಲೇ ಈ ಸಂಗ್ರಹಕಾರ್ಯ ನಡೆಯಬೇಕು. ಮುಂದೊಂದು ದಿನ ಕೇವಲ ಕೊನೆಯ ಪದಗಳ ಪಟ್ಟಿ ಉಳಿದರೆ, ಅದರಲ್ಲಿನ ‘ಮುನಿಯಪ್ಪ’ ಯಾರ ತಂದೆ, ಯಾರ ಅಜ್ಜ, ಯಾರ ವಂಶ ಎಂಬುದನ್ನು ಆ ಪಟ್ಟಿಯು ಹೇಳಲಾರದು.