ಕಾಳಿಯಲ್ಲಿ ಅಲೆ ಮೊದಲು, ನೀರು ಆಮೇಲೆ

ಉತ್ತರ ಕನ್ನಡ ಜಿಲ್ಲೆಯ ಡಿಗ್ಗಿ ಬಳಿ ಹುಟ್ಟಿ, ಸುಮಾರು 184 ಕಿ.ಮೀ. ಹರಿದು ಕಾರವಾರದಲ್ಲಿ ಕಡಲು ಸೇರುವ ಕಾಳಿ ನದಿ ಗಣೇಶಗುಡಿಯಲ್ಲಿ ರಬ್ಬರ್ ದೋಣಿಯ ಸಾಹಸಯಾನಕ್ಕೆ ಹೆಸರಾಗಿದೆ. ಮಳೆ ನಿಂತು ತಿಂಗಳುಗಳಾದ ಮೇಲೂ ಅಲ್ಲಿ ನೀರು ನೊರೆಗಟ್ಟಿ ಧುಮುಕುತ್ತದೆ. ಈ ನೀರು ಎಲ್ಲಿಯದು?

ಮೇಲ್ಗಡೆಯೇ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಇದೆ. 1980ರ ದಶಕದಲ್ಲಿ ಪೂರ್ಣಗೊಂಡ ಇದರ ಹಿನ್ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿತು. ಅಣೆಕಟ್ಟಿನ ಬುಡದಲ್ಲಿ ತಲಾ 50 ಮೆಗಾವಾಟ್‌ನ ಎರಡು ವಿದ್ಯುತ್ ಘಟಕಗಳಿವೆ. ಇಲ್ಲಿಂದ ಹೊರಬಿದ್ದ ನೀರೇ ಮುಂದೆ ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲಿ ಮತ್ತೆ ದುಡಿಯುತ್ತದೆ. ಕದ್ರಾ ಜಲಾಶಯದ ನೀರು ಕೈಗಾ ಅಣುಸ್ಥಾವರವನ್ನು ತಂಪಾಗಿಸಲೂ ಬೇಕು.

ಸೂಪಾದ ಒಂದು ಘಟಕಕ್ಕೆ ಬೇಕಾಗುವ ನೀರನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ನೀರು ಬೀಳುವ ಎತ್ತರ 70 ಮೀಟರ್, ದಕ್ಷತೆ ಶೇಕಡಾ 90 ಎಂದಿಟ್ಟುಕೊಳ್ಳಿ. 50 ಮೆಗಾವಾಟನ್ನು ನೀರಿನ ಸಾಂದ್ರತೆ, ಗುರುತ್ವ ವೇಗೋತ್ಕರ್ಷ, ಎತ್ತರ, ದಕ್ಷತೆ ಇವುಗಳ ಗುಣಲಬ್ಧದಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 81 ಘನಮೀಟರ್ ಬರುತ್ತದೆ. ಅಂದರೆ 12,000 ಲೀಟರಿನ ಟ್ಯಾಂಕರುಗಳು ಸೆಕೆಂಡಿಗೆ ಹೆಚ್ಚುಕಡಿಮೆ ಏಳು! ಘಟಕ ನಿಂತರೆ ಬಂಡೆಗಳು ತಲೆಯೆತ್ತುತ್ತವೆ, ಶುರುವಾದರೆ ಮುಳುಗುತ್ತವೆ. ಬೇಸಿಗೆಯಲ್ಲಿ ಈ ನದಿಯ ಏರಿಳಿತವನ್ನು ತೀರ್ಮಾನಿಸುವುದು ಮೋಡವಲ್ಲ, ನಾಡಿನ ವಿದ್ಯುತ್ ಬೇಡಿಕೆ.

ಬಿಟ್ಟ ನೀರು ಕೆಳಗೆ ಯಾವಾಗ ತಲಪುತ್ತದೆ? ಇಲ್ಲಿಯೇ ಬಹಳ ಜನ ಎಡವುತ್ತಾರೆ. ಹೊಸ ನೀರು ಬರುವ ಮೊದಲೇ ಅದರ ಅಲೆ ಬರುತ್ತದೆ. ಜಾತ್ರೆಯ ಸಾಲಿನಲ್ಲಿ ಹಿಂದಿನವರು ತಳ್ಳಿದರೆ ಮುಂದಿನವರು ಒಡನೆ ಮುಗ್ಗರಿಸುತ್ತಾರೆ. ತಳ್ಳಿದವರು ಮಾತ್ರ ಹಿಂದೆಯೇ ಇರುತ್ತಾರೆ. ನದಿಯಲ್ಲೂ ಹಾಗೆಯೇ. ಅಗಲವಾಗಿದ್ದು ಆಳ ಕಡಿಮೆಯಿರುವ ಪಾತ್ರದಲ್ಲಿ, ಮ್ಯಾನಿಂಗ್ ಸೂತ್ರದ ಪ್ರಕಾರ, ಉಬ್ಬರದ ವೇಗ ನೀರಿನ ವೇಗದ 5/3ರಷ್ಟು. ನೀರು ಸೆಕೆಂಡಿಗೆ 1.5 ಮೀಟರ್ ಹರಿದರೆ ಉಬ್ಬರದ್ದು 2.5 ಮೀಟರ್. ಅಣೆಕಟ್ಟಿನ ಬಳಿ ತೇಲಿಬಿಟ್ಟ ಎಲೆ 10 ಕಿ.ಮೀ. ಸಾಗಲು 111 ನಿಮಿಷ ಬೇಕು. ನೀರಿನ ಮಟ್ಟ 67ನೇ ನಿಮಿಷಕ್ಕೇ ಏರತೊಡಗುತ್ತದೆ. ಬಂಡೆ, ಮಡುಗಳಿರುವ ನಿಜವಾದ ಕಾಳಿಯಲ್ಲಿ ಅಂಕಿಗಳು ಬೇರೆಯಾಗುತ್ತವೆ, ಕ್ರಮ ಬದಲಾಗದು.

ಆದ್ದರಿಂದ ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರು ಗಮನಿಸಬೇಕು. ಆಕಾಶ ಶುಭ್ರವಾಗಿರುತ್ತದೆ. ಮೊದಲು ಏರುವುದು ಕಣ್ಣೆದುರಿಗಿದ್ದ ಅದೇ ತಿಳಿನೀರು. ಕೆಂಪು ನೀರು, ಕಸಕಡ್ಡಿ ಕಂಡಮೇಲೆ ಏಳೋಣವೆಂದು ಕಾದರೆ ಕೆಟ್ಟಿರಿ. ನೀರು ಬಿಡುವ ಹೊತ್ತನ್ನು ಸ್ಥಳೀಯರಿಂದ ತಿಳಿಯದೆ ಯಾರನ್ನೂ ಇಳಿಸಬೇಡಿ. ಒಣಗಿದ್ದ ಬಂಡೆಯ ಅಂಚು ಒದ್ದೆಯಾಗುತ್ತಿದೆ ಎನಿಸಿದೊಡನೆ ಎಲ್ಲರನ್ನೂ ದಡಕ್ಕೆ ಹತ್ತಿಸಿ. ದಡಕ್ಕೇ, ನಡುವಿನ ಎತ್ತರದ ಬಂಡೆಗಲ್ಲ.