ಒಂದೇ ‘ರ’, ಎರಡು ಲಿಪಿ

ಪರದೆ ಮೇಲಿನ ಈ ಎರಡು ಅಕ್ಷರ ನೋಡಿ. ಒಂದು ಕನ್ನಡದ ‘ರ’, ಇನ್ನೊಂದು ತೆಲುಗಿನದು. ಯಾವುದು ಯಾವುದು, ಹೇಳ್ತೀರಾ? ನಮಗೆ ಗೊತ್ತಾಗಲ್ಲ. ಆದರೆ ಕಂಪ್ಯೂಟರಿಗೆ ಇವು ಬೇರೆ ಬೇರೆ. ಮೋಸಗಾರನಿಗೆ ಅಷ್ಟೇ ಸಾಕು. ಒಂದಕ್ಷರ ಅದಲುಬದಲು ಮಾಡಿ ನಕಲಿ ವಿಳಾಸ ಕಟ್ಟೋಕೆ ನೋಡ್ತಾನೆ.

ಇದು ಒಬ್ಬರೇ ಕೂತು ಬಿಡಿಸೋ ಗಂಟಲ್ಲ. ಚೆನ್ನೈಗೆ ಈ ಪಾಠ ಹಳೇದು. 1999ರ ಫೆಬ್ರವರಿಯಲ್ಲಿ ಅಲ್ಲಿ ‘ತಮಿಳ್‌ನೆಟ್ 99’ ಸಮ್ಮೇಳನ ನಡೀತು. ಆಗ ಒಬ್ಬೊಬ್ಬರದು ಒಂದೊಂದು ಫಾಂಟ್, ಒಂದೊಂದು ಕೀಲಿಮಣೆ. ಚೆನ್ನೈನಲ್ಲಿ ಬರೆದದ್ದನ್ನ ಸಿಂಗಪುರದಲ್ಲಿ ತೆರೆದರೆ ಬರೀ ಗೀಚು! (ನಮ್ಮಲ್ಲೂ ಇದೇ ಗೋಳಿತ್ತು, ನೆನಪಿದೆಯಾ?) ದೇಶ ವಿದೇಶದ ತಮಿಳು ತಂತ್ರಜ್ಞರು ಸೇರಿ ಮಾತಾಡಿದ್ರು. ‘ತಮಿಳ್ 99’ ಕೀಲಿಮಣೆ ಬಂದದ್ದು ಅಲ್ಲಿಂದಲೇ.

ಮುಂದೆ ವಿಳಾಸಗಳ ಗಂಟು ಬಿಡಿಸೋಕೂ ಹೀಗೇ ಸೇರಿ ಕೂತರು. ಇಂಟರ್ನೆಟ್ ವಿಳಾಸಗಳ ಉಸ್ತುವಾರಿ ನೋಡೋ ಐಕ್ಯಾನ್ ಸಂಸ್ಥೆಯ ಆಶ್ರಯದಲ್ಲಿ, ಬ್ರಾಹ್ಮಿಯಿಂದ ಬಂದ ಒಂಬತ್ತು ಲಿಪಿಗಳಿಗೆ ಒಂದೇ ಸಮಿತಿ ಆಯ್ತು. ಕನ್ನಡ, ತೆಲುಗು, ತಮಿಳು, ಮಲಯಾಳಂ ಎಲ್ಲ ಒಂದೇ ಪಂಕ್ತಿಯಲ್ಲಿ. ಬಾಂಗ್ಲಾದೇಶದವರೂ ಬರೆಯೋ ಬಂಗಾಳಿ, ನೇಪಾಳದವರೂ ಬರೆಯೋ ದೇವನಾಗರಿ ಕೂಡ ಇದರಲ್ಲೇ. 2019ರಲ್ಲಿ ಕನ್ನಡದ ನಿಯಮಗಳು ಐಕ್ಯಾನ್‌ನ ನಿಯಮಾವಳಿಗೆ ಸೇರಿದವು. ವಿಳಾಸದ ಕೊನೇ ಡಾಟ್ ಆದಮೇಲಿನ ಹೆಸರು ಕನ್ನಡದಲ್ಲಿ ಒಬ್ಬರಿಗೆ ಸಿಕ್ಕರೆ, ಹಾಗೇ ಕಾಣುವ ತೆಲುಗು ರೂಪ ಇನ್ನೊಬ್ಬರಿಗೆ ಸಿಗಲ್ಲ.

ಆದರೆ ಡಾಟ್‌ಗಿಂತ ಮೊದಲಿನ ಹೆಸರಿಗೆ ಈ ಬೇಲಿ ತಾನಾಗಿ ಬರಲ್ಲ. ಬ್ಯಾಂಕಿನ ಲಿಂಕ್ ಅಂತ ಏನಾದ್ರೂ ಬಂದ್ರೆ ಒತ್ತಬೇಡಿ, ವಿಳಾಸ ನೀವೇ ಟೈಪ್ ಮಾಡಿ.