ಎಂಜಿನ್ನಿನ ಸಾಕ್ಷ್ಯ

ವೈದ್ಯರು ರೋಗಿಯ ನಾಡಿ ಹಿಡಿದು ನೋಡುವುದನ್ನು ನಾವೆಲ್ಲ ಬಲ್ಲೆವು. ಲಾರಿಯ ಎಂಜಿನ್ನಿಗೂ ಒಂದು ನಾಡಿಯುಂಟು, ಅದನ್ನು ಕೇಳಿ ರೋಗ ಹೇಳುವವರೂ ಉಂಟು ಎಂದರೆ ನಮ್ಮ ಬಿ.ಎ. ತರಗತಿಯ ಗೆಳೆಯರು ನಕ್ಕಾರು. ಮಾರಿಕುಪ್ಪಂನಲ್ಲಿ ನಮ್ಮ ತಂದೆಯವರದೊಂದು ಸಣ್ಣ ರಿಪೇರಿ ಷೆಡ್ಡಿದೆ. ಕಳೆದ ರಜೆಯಲ್ಲಿ ಅಲ್ಲಿ ನಡೆದುದನ್ನು ವಾಚಕರ ಮುಂದಿಡುತ್ತೇನೆ.

ನನ್ನ ಸೋದರಮಾವನವರು ಕೋಲಾರದ ಮಾರುಕಟ್ಟೆಯಿಂದ ಟೊಮೇಟೊ ಸಾಗಿಸುವ ಹಳೆಯ ಲಾರಿಯೊಂದನ್ನು ಇಟ್ಟುಕೊಂಡಿದ್ದಾರೆ. ಅದರ ಎಂಜಿನ್ನು ಸವೆದು ಹೋಗಿದ್ದರಿಂದ, ಸಾಲ ಮಾಡಿ, ಬೇರೆಡೆಯ ವರ್ಕ್‌ಷಾಪೊಂದರಲ್ಲಿ ಪೂರ್ತಿ ಬಿಚ್ಚಿಸಿ ಹೊಸ ಲೈನರು, ಪಿಸ್ಟನ್ನು, ಬೇರಿಂಗು ಹಾಕಿಸಿದರು. ಎರಡೇ ದಿನಕ್ಕೆ ಒಳಗಿನಿಂದ ಸುತ್ತಿಗೆಯಿಂದ ಹೊಡೆದಂತೆ 'ಟಕ್ ಟಕ್' ಎಂಬ ಶಬ್ದ ಕಿವಿಗೆ ಬಿತ್ತು. ಕೇಳಿದವರೆಲ್ಲ "ಬಿಗ್ ಎಂಡ್ ಹೋಯಿತು" ಎಂದರು. ಪಿಸ್ಟನ್ನಿನ ದಂಡವು ಕ್ರ್ಯಾಂಕನ್ನು ಹಿಡಿದುಕೊಳ್ಳುವ ಕಡೆಯ ಬೇರಿಂಗೇ ಬಿಗ್ ಎಂಡ್. ಅದು ಹೋದರೆ ಎಂಜಿನ್ನನ್ನು ಮತ್ತೆ ಬಿಚ್ಚಬೇಕು. ಬಿಚ್ಚದೆ ಓಡಿಸಿದರೆ ದಂಡ ಮುರಿದು ಎಂಜಿನ್ನಿನ ಗೋಡೆಯನ್ನೇ ತೂತು ಮಾಡೀತು. ಸಾಲದ ಮೊದಲ ಕಂತನ್ನೂ ಕಟ್ಟಿರದ ಮಾವನವರ ಮುಖ ಕಪ್ಪಿಟ್ಟಿತ್ತು.

"ಏನು ಭಾವ, ಮತ್ತೆ ಬಿಚ್ಚಲೇಬೇಕಾ?" ಎಂದರು.

"ಬಿಚ್ಚೋದು ಇದ್ದೇ ಇದೆ. ಮೊದಲು ಅದೇನು ಹೇಳುತ್ತೋ ಕೇಳೋಣ" ಎಂದರು ತಂದೆಯವರು.

ಅವರು ಕೇಳಿದ ರೀತಿ ತಿಳಿಯಬೇಕಾದರೆ ಡೀಸೆಲ್ ಎಂಜಿನ್ನಿನ ಮರ್ಮವನ್ನು ಸ್ವಲ್ಪ ಅರಿಯಬೇಕು. ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಈ ಯಂತ್ರದಲ್ಲಿ ಬೆಂಕಿ ಹಚ್ಚುವ ಕಿಡಿಯೇ ಇಲ್ಲ. ಪಿಸ್ಟನ್ನು ಗಾಳಿಯನ್ನು ಸುಮಾರು 16ರಲ್ಲಿ 1 ಪಾಲಿಗೆ ಅದುಮುತ್ತದೆ. ಅದುಮಿದ ಗಾಳಿ ಕೆಂಡದಂತೆ ಕಾಯುತ್ತದೆ. ಆ ಕ್ಷಣದಲ್ಲಿ ಇಂಜೆಕ್ಟರಿನ ತುದಿಯ ನಾಜಲ್ಲು ಡೀಸೆಲನ್ನು ಮಂಜಿನಂತೆ ಚಿಮ್ಮಿಸಿದಾಗ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಕ್ರ್ಯಾಂಕು ಎರಡು ಸುತ್ತು ಸುತ್ತಿದರೆ ಒಂದೊಂದು ಸಿಲಿಂಡರಿನಲ್ಲಿ ಒಮ್ಮೆ ಬೆಂಕಿ. ನಿಮಿಷಕ್ಕೆ 600 ಸುತ್ತಿನ ನಿಧಾನ ಓಟದಲ್ಲಿಯೂ ಇದು 300 ಸಲ ನಡೆಯಬೇಕು.

ತಂದೆಯವರು ಮೊದಲು ಆಯಿಲ್ ಪ್ರೆಷರಿನ ಮುಳ್ಳನ್ನು ನೋಡಿದರು. ಅದು ಸರಿಯಾಗಿತ್ತು. ಸಡಿಲವಾದ ಬೇರಿಂಗು ಸಾಮಾನ್ಯವಾಗಿ ಎಣ್ಣೆಯ ಒತ್ತಡವನ್ನು ಸೋರಗೊಡುತ್ತದೆ. ಆಮೇಲೆ ಟ್ಯಾಪೆಟ್ಟುಗಳ ಸಂದನ್ನು ಅಳೆದರು. ಅದೂ ಸರಿಯಾಗಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಾನಿಸಿ, 6 ಸಿಲಿಂಡರುಗಳನ್ನೂ ಆಲಿಸಿದರು. 4ನೆಯದರ ಬಳಿ ಶಬ್ದ ಹೆಚ್ಚು. ಎಂಜಿನ್ನು ನಿಧಾನವಾಗಿ ಓಡುತ್ತಿರುವಾಗಲೇ ಒಂದೊಂದು ಇಂಜೆಕ್ಟರಿನ ಪೈಪಿನ ನಟ್ಟನ್ನು ಸಡಿಲಿಸಿ ಬಿಗಿಮಾಡಿದರು. ಸಡಿಲಿಸಿದ ಸಿಲಿಂಡರಿಗೆ ಡೀಸೆಲ್ ಸೇರದೆ ಅದು ಸುಮ್ಮನಾಗುತ್ತದೆ. 4ನೆಯದನ್ನು ಸಡಿಲಿಸಿದೊಡನೆ 'ಟಕ್ ಟಕ್' ನಿಂತುಹೋಯಿತು!

"ಸಿಕ್ಕಿತಲ್ಲ!" ಎಂದೆ ನಾನು. ತಂದೆಯವರು ತಲೆಯಾಡಿಸಿದರು. ಬೆಂಕಿಯ ಹೊಡೆತ ಬೀಳದಿದ್ದರೆ ಸಡಿಲವಾದ ಬೇರಿಂಗೂ ಸುಮ್ಮನಾಗುತ್ತದೆ. ಕಳ್ಳನಿರುವ ಮನೆ ತಿಳಿಯಿತು, ಕಳ್ಳನಾರೆಂದು ತಿಳಿಯಲಿಲ್ಲ. ಆಗ ಅವರು ಎಂಜಿನ್ನನ್ನು ನಿಲ್ಲಿಸಿ, 4ನೆಯ ಇಂಜೆಕ್ಟರನ್ನು 2ನೆಯದರ ಜಾಗಕ್ಕೂ 2ನೆಯದನ್ನು 4ಕ್ಕೂ ಬದಲಿಸಿ, ಹೊಸ ತಾಮ್ರದ ವಾಷರು ಹಾಕಿ ಮತ್ತೆ ನಡೆಸಿದರು. ಶಬ್ದ 2ನೆಯದಕ್ಕೆ ಹೋಗಿತ್ತು! ಬೇರಿಂಗು ಜಾಗ ಬಿಟ್ಟು ನಡೆಯಲಾರದು, ನಡೆದದ್ದು ಇಂಜೆಕ್ಟರು.

ಹೊಸ ಎಂಜಿನ್ನಿಗೆ ಹಳೆಯ ಇಂಜೆಕ್ಟರುಗಳನ್ನೇ, ಪರೀಕ್ಷಿಸದೆ, ಕೂಡಿಸಿದ್ದರು. ಬಂಗಾರಪೇಟೆಗೆ ಒಯ್ದು ಕೈಪಂಪಿನ ಮೇಲೆ ಪರೀಕ್ಷಿಸಿದಾಗ ಮಿಕ್ಕ ಐದೂ ಮಂಜು ಚಿಮ್ಮಿಸಿದವು, ಇದೊಂದು ತೊಟ್ಟಿಕ್ಕಿತು. ತೊಟ್ಟಿಕ್ಕಿ ಶೇಖರವಾದ ಡೀಸೆಲ್ ಒಮ್ಮೆಗೇ ಹೊತ್ತಿಕೊಂಡು ಪಿಸ್ಟನ್ನಿನ ತಲೆಗೆ ಬಡಿಯುತ್ತಿತ್ತು. ಹಳೆಯ ಎಂಜಿನ್ನಿನ ಗದ್ದಲದಲ್ಲಿ ಅಡಗಿದ್ದ ದೋಷ ಹೊಸದರ ಮೌನದಲ್ಲಿ ಬಯಲಾಯಿತು. ಒಂದು ನಾಜಲ್ಲಿನ ಬೆಲೆಯಲ್ಲಿ ಕೆಲಸ ಮುಗಿದು, ಮಾರನೆಯ ರಾತ್ರಿ ಲಾರಿ ಟೊಮೇಟೊ ಹೇರಿಕೊಂಡು ಹೊರಟಿತು.

ಒಂದು ಎಚ್ಚರಿಕೆ: ಪೈಪು ಸಡಿಲಿಸುವ ಈ ಉಪಾಯ ಹಳೆಯ ಬಗೆಯ ಪಂಪಿನ ಲಾರಿಗಳಿಗೆ ಮಾತ್ರ. ಅಲ್ಲಿಯೂ ಚಿಮ್ಮುವ ಡೀಸೆಲಿಗೆ ಕೈಯೊಡ್ಡಬಾರದು. ಈಗಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಡೀಸೆಲಿನ ಒತ್ತಡ 1,000 ವಾಯುಭಾರಕ್ಕೂ ಮಿಕ್ಕಿರುತ್ತದೆ. ಅಲ್ಲಿ ಹೀಗೆ ಮಾಡುವುದು ಪ್ರಾಣಾಪಾಯ.

ಈ ವಿದ್ಯೆ ತಮಗೆಲ್ಲಿಂದ ಬಂತೆಂದು ತಂದೆಯವರನ್ನು ಕೇಳಿದೆ. ನಮ್ಮ ತಾತನವರು ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸಕ್ಕಿದ್ದವರು. ನೆಲದಡಿಯಲ್ಲಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದ ಗಣಿಯದು. ತಲೆಯ ಮೇಲಿನ ಬಂಡೆಯನ್ನು ಕಬ್ಬಿಣದ ಕಂಬಿಯಿಂದ ತಟ್ಟಿ, ಗಂಟೆಯಂತೆ ನುಡಿದರೆ ಗಟ್ಟಿ, ತಮಟೆಯಂತೆ ನುಡಿದರೆ ಸಡಿಲ ಎಂದು ತಿಳಿದೇ ಮುಂದಕ್ಕೆ ಹೆಜ್ಜೆಯಿಡುತ್ತಿದ್ದರಂತೆ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. "ಅಪ್ಪ ಮನೆಗೆ ತಂದದ್ದು ಚಿನ್ನವಲ್ಲ, ಕಿವಿ" ಎಂದರು ತಂದೆಯವರು.

ಜಾನ್ ಸ್ಟೂವರ್ಟ್ ಮಿಲ್ 1843ರ ತನ್ನ ತರ್ಕಶಾಸ್ತ್ರದ ಗ್ರಂಥದಲ್ಲಿ ಹೇಳಿದ ವ್ಯತ್ಯಾಸದ ವಿಧಾನವನ್ನು ನಾನು ಪುಸ್ತಕದಿಂದ ಬಾಯಿಪಾಠ ಮಾಡಿದ್ದೆ: ಉಳಿದುದೆಲ್ಲ ಹಾಗೆಯೇ ಇದ್ದು, ಒಂದನ್ನು ತೆಗೆದಾಗ ಕಾರ್ಯವೂ ನಿಂತರೆ, ಕಾರಣದ ಸುಳಿವು ಅದರಲ್ಲಿದೆ. ಏಳನೆಯ ತರಗತಿಗೆ ಶಾಲೆ ಬಿಟ್ಟ ತಂದೆಯವರು ಮಿಲ್ಲನ ಹೆಸರು ಕೇಳಿದವರಲ್ಲ. ಆದರೂ ಮೊದಲ ಸುಳಿವಿಗೇ ತೀರ್ಪು ಕೊಡಲು ಹೊರಟವನು ನಾನು. ಇನ್ನೊಂದು ಪ್ರಯೋಗ ಬೇಕೆಂದವರು ಅವರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನೆಂಬ ಹೆಮ್ಮೆ ನನಗಿತ್ತು, ಈಗಲೂ ಇದೆ. ಆದರೆ ಮನೆಯಲ್ಲಿ ಮೊದಲು ಓದಿದವನು ನಾನಿರಬಹುದು. ಮೊದಲು ಯೋಚಿಸಿದವನು ನಾನಲ್ಲ.